ಹಾರ್ಡ್ ಡಿಸ್ಕ್ ಬಿಸಿಯಾಗುತ್ತಿದೆಯೇ? ಗಾಳಿ ಎಲ್ಲಿ ಹಾಯುತ್ತಿದೆ ನೋಡಿ

ಫೋಟೋ ಸ್ಟುಡಿಯೊಗಳಿಂದ ಸರ್ವಿಸ್‌ಗೆ ಬರುವ ಡೆಸ್ಕ್‌ಟಾಪ್‌ಗಳಲ್ಲಿ ಮೂರು-ನಾಲ್ಕು ಹಾರ್ಡ್ ಡಿಸ್ಕ್ ಒಂದರ ಮೇಲೊಂದು ಒತ್ತಾಗಿ ಕೂತಿರುವುದು ಮಾಮೂಲು. ಮದುವೆ ಸೀಸನ್‌ನಲ್ಲಿ ಜಾಗ ಸಾಲದೆ ಇನ್ನೊಂದು ಡಿಸ್ಕ್ ತಂದು ಸಿಕ್ಕ ಸಂದಿಗೆ ತುರುಕಿರುತ್ತಾರೆ. ಇಂಥ ಕಡೆ ಎಲ್ಲಕ್ಕಿಂತ ಹೆಚ್ಚು ಕಾಯುವುದು ನಡುವಿನ ಡಿಸ್ಕ್.

3.5 ಇಂಚಿನ 7200 ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ಡಿಸ್ಕ್ ಕೆಲಸದಲ್ಲಿರುವಾಗ ತೆಗೆದುಕೊಳ್ಳುವುದು ಹೆಚ್ಚುಕಮ್ಮಿ 6ರಿಂದ 9 ವಾಟ್. ಪ್ರೊಸೆಸರ್ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಪ್ರೊಸೆಸರ್‌ಗೆ ಬಿಸಿ ಹೊರಹಾಕುವ ಹೀಟ್‌ಸಿಂಕ್ ಇದೆ, ಡಿಸ್ಕ್‌ಗೆ ಅದರ ಲೋಹದ ಮೈಯೇ ಗತಿ. ಎರಡು ಡಿಸ್ಕ್ ನಡುವಿನ ಗಾಳಿ ನಿಂತುಬಿಟ್ಟರೆ ಬಿಸಿ ಅಲ್ಲೇ ಉಳಿಯುತ್ತದೆ. ಹಾಗಾಗಿ ಜೋರು ಗಾಳಿ ಬೇಕಿಲ್ಲ, ಸಂದಿಯೊಳಗೆ ಸದಾ ಹಾಯುವ ಗಾಳಿ ಬೇಕು. 120 ಮಿ.ಮೀ. ಫ್ಯಾನ್ 600-800 ಆರ್‌ಪಿಎಂನಲ್ಲಿ ತಿರುಗಿದರೂ ಧಾರಾಳವಾಯಿತು, ಆದರೆ ಅದು ಡಿಸ್ಕ್‌ಗಳ ನೇರ ಮುಂದೆ ಇರಬೇಕು.

ಅಳೆಯದೆ ಏನನ್ನೂ ಬದಲಿಸಬೇಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶ ಸಾಕು. ಅವು ತೋರಿಸುವ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 194ನೇ ಸಾಲು ತಾಪಮಾನದ್ದು. ಆನ್ ಮಾಡಿದ ತಕ್ಷಣ ನೋಡಿದರೆ ಪ್ರಯೋಜನವಿಲ್ಲ. ಅರ್ಧ ಕಿಲೋ ಆಸುಪಾಸು ತೂಗುವ ಲೋಹ ನಿಧಾನಕ್ಕೆ ಕಾಯುತ್ತದೆ. ದೊಡ್ಡ ಫೋಲ್ಡರ್ ಕಾಪಿಗೆ ಹಾಕಿ, ಮುಕ್ಕಾಲು ಗಂಟೆ ಬಿಟ್ಟು ಓದಿ. ಕೋಣೆಯ ತಾಪಮಾನವನ್ನೂ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

35ರಿಂದ 45 ಡಿಗ್ರಿ ಒಳಗಿದ್ದರೆ ಕೈ ಹಾಕುವ ಅಗತ್ಯವಿಲ್ಲ. 50 ದಾಟಿದರೆ ಕ್ಯಾಬಿನೆಟ್ ಬಿಚ್ಚಬೇಕು. ಬಹುತೇಕ ಡಿಸ್ಕ್‌ಗಳಿಗೆ ಕಂಪನಿಯವರು ಕೊಡುವ ಮಿತಿ 60 ಡಿಗ್ರಿ ಆದರೂ ಅಲ್ಲಿಯವರೆಗೆ ಕಾಯುತ್ತ ಕೂರುವುದು ಸರಿಯಲ್ಲ. ಹಾಗೆಂದು 25ಕ್ಕೆ ಇಳಿಸುವ ಹಟವೂ ಬೇಡ. ಗೂಗಲ್ 2007ರಲ್ಲಿ ತನ್ನ ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದಾಗ, ತೀರಾ ತಣ್ಣಗಿದ್ದ ಡಿಸ್ಕ್‌ಗಳೇ ಹೆಚ್ಚು ಕೆಟ್ಟಿದ್ದವು. ಬಿಸಿಯ ಹೊಡೆತ ಎದ್ದು ಕಂಡದ್ದು ಹಳೆಯ ಡಿಸ್ಕ್‌ಗಳಲ್ಲಿ.

ಮೊದಲ ಪರಿಹಾರಕ್ಕೆ ಕಾಸು ಖರ್ಚಿಲ್ಲ: ಎರಡು ಡಿಸ್ಕ್ ನಡುವೆ ಒಂದು ಖಾನೆ ಖಾಲಿ ಬಿಡಿ. ಈಗಿನ ಕ್ಯಾಬಿನೆಟ್‌ಗಳಲ್ಲಿ ಡಿಸ್ಕ್ ಕೂರಿಸುವ ಕೇಜ್ ಸಾಮಾನ್ಯವಾಗಿ ಕೆಳಗಡೆ, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಮೇಲೆ ಮುಚ್ಚಿರುವ ತಗಡಿನೊಳಗೆ ಇರುತ್ತದೆ. ಮಿಕ್ಕ ಪವರ್ ಕೇಬಲ್‌ಗಳನ್ನೆಲ್ಲ ಸುತ್ತಿ ಅಲ್ಲೇ ತುಂಬಿರುತ್ತಾರೆ. ಮುಂದೆ ಎಷ್ಟು ಫ್ಯಾನ್ ಹಾಕಿದರೂ ಆ ಗಂಟು ದಾಟಿ ಗಾಳಿ ಹೋಗುವುದಿಲ್ಲ. ಕೇಬಲ್ ತೆಗೆದು ಮದರ್‌ಬೋರ್ಡ್ ಹಿಂದಿನ ಸಂದಿಗೆ ಕಟ್ಟಿ.

ಇನ್ನೊಂದು ತೊಂದರೆ ಬಯೋಸ್‌ನಲ್ಲಿದೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಇರುವ ಜಾಗ), ಇದನ್ನು ಗಮನಿಸುವವರು ಕಡಿಮೆ. ಕ್ಯಾಬಿನೆಟ್ ಫ್ಯಾನ್‌ನ ವೇಗವನ್ನು ಮದರ್‌ಬೋರ್ಡ್ ಸಾಮಾನ್ಯವಾಗಿ ಪ್ರೊಸೆಸರ್ ಬಿಸಿ ನೋಡಿ ನಿರ್ಧರಿಸುತ್ತದೆ. ರಾತ್ರಿಯಿಡೀ ಬ್ಯಾಕಪ್ ನಡೆಯುವಾಗ ಪ್ರೊಸೆಸರ್ ಆರಾಮಾಗಿರುತ್ತದೆ, ಫ್ಯಾನ್ ತೆವಳುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಡಿಸ್ಕ್ ಮಾತ್ರ ಬೇಯುತ್ತದೆ. ಮುಂಭಾಗದ ಫ್ಯಾನ್‌ಗೆ ಕನಿಷ್ಠ ವೇಗ 700 ಆರ್‌ಪಿಎಂ ಸುತ್ತಮುತ್ತ ಇರುವಂತೆ ಬಯೋಸ್‌ನಲ್ಲಿ ನಿಗದಿ ಮಾಡಿ. 3 ಪಿನ್ ಫ್ಯಾನ್ ಆದರೆ ಡಿಸಿ ಮೋಡ್ (ವೋಲ್ಟೇಜ್ ಬದಲಿಸಿ ವೇಗ ಹತೋಟಿ), 4 ಪಿನ್ ಆದರೆ ಪಿಡಬ್ಲ್ಯೂಎಂ (ನಾಲ್ಕನೇ ಪಿನ್ ಮೂಲಕ ವೇಗ ಹತೋಟಿ). 3 ಪಿನ್ ಫ್ಯಾನನ್ನು ಪಿಡಬ್ಲ್ಯೂಎಂ ಮೋಡ್‌ನಲ್ಲಿ ಬಿಟ್ಟರೆ ಅದು ಸದಾ ಪೂರ್ತಿ ವೇಗದಲ್ಲಿ ಓಡಿ ಗಲಾಟೆ ಮಾಡುತ್ತದೆ.

ಸೈಡ್ ಡೋರ್ ತೆಗೆದಿಟ್ಟರೆ ತಣ್ಣಗಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಹಿಂದಿನ ಎಕ್ಸಾಸ್ಟ್ ಫ್ಯಾನ್ ಒಂದೇ ಇರುವ ಕ್ಯಾಬಿನೆಟ್‌ನಲ್ಲಿ ಇದು ಉಲ್ಟಾ ಹೊಡೆಯುವುದುಂಟು: ಡಿಸ್ಕ್‌ಗಳ ನಡುವಿನಿಂದ ಎಳೆದುಕೊಳ್ಳುತ್ತಿದ್ದ ಗಾಳಿ ತೆರೆದ ಬದಿಯಿಂದ ಸಲೀಸಾಗಿ ಬರುತ್ತದೆ. ಗಾಳಿ ಒಳಗೆ ಬರುತ್ತಿದೆಯೇ ಎಂದು ತಿಳಿಯಲು ತೆಳು ಟಿಶ್ಯೂ ಪೇಪರ್ ತುಂಡನ್ನು ಮುಂದಿನ ಫಿಲ್ಟರ್ ಮೇಲೆ ಇಟ್ಟು ಕೈ ಬಿಡಿ. ಅಂಟಿಕೊಂಡು ನಿಂತರೆ ಸರಿ. ಬಿದ್ದರೆ ಫಿಲ್ಟರ್ ತುಂಬಾ ದೂಳು, ಇಲ್ಲವೇ ಫ್ಯಾನ್ ತಿರುವುಮುರುವು.

ಯಾವ ಫ್ಯಾನೂ ಕೋಣೆಗಿಂತ ತಣ್ಣನೆ ಗಾಳಿ ಕೊಡಲಾರದು. ಮೇ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಎಸಿ ಇಲ್ಲದ ಅಂಗಡಿ 40 ಡಿಗ್ರಿ ಮುಟ್ಟಿದರೆ, ಚೆನ್ನಾಗಿ ಗಾಳಿಯಾಡುವ ಡಿಸ್ಕ್ ಕೂಡ 50ರ ಹತ್ತಿರ ಬರುತ್ತದೆ. ಅಲ್ಲಿ ಮೊದಲು ಕ್ಯಾಬಿನೆಟ್ಟನ್ನು ಮೇಜಿನ ಮುಚ್ಚಿದ ಗೂಡಿನಿಂದ ಹೊರಗೆ ತನ್ನಿ, ಭಾರೀ ಕಾಪಿ ಕೆಲಸವನ್ನು ರಾತ್ರಿಗೆ ಇಡಿ.

ಡಿಸ್ಕ್ ಜಾಗ ಬದಲಿಸುವಾಗ ಮೇಲ್ಮೈಯ ಚಿಕ್ಕ ಉಸಿರಾಟದ ರಂಧ್ರದ ಮೇಲೆ ಟೇಪ್, ಸ್ಟಿಕ್ಕರ್ ಅಂಟಿಸಬೇಡಿ. ಮುಗಿದ ಮೇಲೆ ಸ್ಮಾರ್ಟ್‌ನ 199ನೇ ಸಾಲು ನೋಡಿ, ಅದು ಡೇಟಾ ಸಾಗಿಸುವಾಗ ಆದ ತಪ್ಪುಗಳ ಲೆಕ್ಕ; ಆ ಎಣಿಕೆ ಹೊಸದಾಗಿ ಏರುತ್ತಿದ್ದರೆ ಸಾಮಾನ್ಯವಾಗಿ ಡಿಸ್ಕ್ ಕೆಟ್ಟಿಲ್ಲ, ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾಗಿದೆ ಅಥವಾ ಮಡಚಿಹೋಗಿದೆ.