ಹದಿನೇಳನ್ನು ಎಣಿಸುವ ಬಗೆ

ಹೈಕು ಎಂದರೆ ಹದಿನೇಳು ಅಕ್ಷರಗಳ ಪದ್ಯ ಎಂದು ನಾನು ಬಹುಕಾಲ ನಂಬಿದ್ದೆ; ಐದು, ಏಳು, ಐದು ಎಂದು ಬೆರಳು ಮಡಚಿ ಕನ್ನಡದಲ್ಲಿ ಒಂದಷ್ಟು ಬರೆದದ್ದೂ ಉಂಟು. ಜಪಾನಿ ಛಂದಸ್ಸಿನ ಬಗ್ಗೆ ಓದಿದ ಮೇಲೆ ತಿಳಿದದ್ದೆಂದರೆ, ಅವರು ಎಣಿಸುವುದು ಅಕ್ಷರವನ್ನಲ್ಲ, ‘ಒನ್’ ಎಂಬ ಉಚ್ಚಾರಣೆಯ ಅಳತೆಯನ್ನು. ಅದು ನಮ್ಮ ಮಾತ್ರೆಗೆ ತೀರ ಹತ್ತಿರದ್ದು. ದೀರ್ಘಸ್ವರಕ್ಕೆ ಎರಡು, ಒತ್ತಿನ ಮುಂಚಿನ ತಡೆಗೆ ಒಂದು, ಕೊನೆಯ ‘ನ್’ಗೆ ಮತ್ತೊಂದು. ‘ನಿಪ್ಪೊನ್’ ಎಂಬುದು ಅವರಿಗೆ ನಾಲ್ಕು ಒನ್. ನಮ್ಮ ಪ್ರಸ್ತಾರದಲ್ಲಿಯೂ ಎರಡು ಗುರು, ಅಂದರೆ ನಾಲ್ಕೇ ಮಾತ್ರೆ. ಹಳೆಯ ಕೊಳಕ್ಕೆ ಕಪ್ಪೆ ಜಿಗಿಯುವ, ಜಪಾನಿನ ಕವಿ ಬಾಶೋನ 1686ರ ಪದ್ಯದಲ್ಲಿ ಎಲ್ಲವೂ ಹ್ರಸ್ವವಾದ್ದರಿಂದ ಎರಡು ಲೆಕ್ಕವೂ ಒಂದಾಗುತ್ತದೆ. ನನ್ನನ್ನು ದಾರಿ ತಪ್ಪಿಸಿದ್ದು ಆ ಕಪ್ಪೆಯೇ ಇರಬೇಕು.

ಐದು-ಏಳರ ಈ ನಡೆ ಹೈಕುವಿಗಿಂತ ಬಹಳ ಹಳೆಯದು. ಎಂಟನೆಯ ಶತಮಾನದಲ್ಲಿ ಕೂಡಿಬಂದ ‘ಮನ್‌ಯೋಶು’ ಸಂಕಲನದ ಇಪ್ಪತ್ತು ಸಂಪುಟಗಳಲ್ಲಿ ಸುಮಾರು 4,500 ಪದ್ಯಗಳಿವೆ. ಸ್ವಂತ ಲಿಪಿಯಿಲ್ಲದ ಆ ಕಾಲದಲ್ಲಿ ಚೀನೀ ಲಿಪಿಯ ಚಿಹ್ನೆಗಳನ್ನೇ ಅನೇಕ ಕಡೆ ಧ್ವನಿಗಾಗಿ ಬಳಸಿ ಅವನ್ನು ಬರೆದಿಟ್ಟರು. ಐದು-ಏಳನ್ನು ಬೇಕಾದಷ್ಟು ಬೆಳೆಸಿ ಏಳು-ಏಳರಲ್ಲಿ ನಿಲ್ಲಿಸುವ ‘ಚೋಕ’ ಕ್ರಮೇಣ ಹಿಂದೆ ಸರಿಯಿತು. 5-7-5-7-7ರ ‘ತಂಕ’ ಉಳಿಯಿತು. ಸುಮಾರು 905ರಲ್ಲಿ ಅರಸನ ಆಜ್ಞೆಯಿಂದ ಸಿದ್ಧವಾದ ‘ಕೊಕಿನ್‌ಶು’ ಸಂಕಲನದ ಮುನ್ನುಡಿಯಲ್ಲಿ ಕವಿ ಕಿ ನೊ ತ್ಸುರಯುಕಿ, ಮನುಷ್ಯನ ಹೃದಯವೇ ಕಾವ್ಯದ ಬೀಜ, ಮಾತುಗಳೇ ಅದರ ಎಲೆ ಎಂದ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ತಂಕ ಎರಡು ಬಾಯಿಗಳಿಗೆ ಹಂಚಿಹೋದ ಘಟ್ಟ. ಒಬ್ಬ 5-7-5 ಹೇಳಿದರೆ ಇನ್ನೊಬ್ಬ 7-7 ಸೇರಿಸುತ್ತಾನೆ, ಅದಕ್ಕೆ ಮತ್ತೊಬ್ಬನ 5-7-5. ಹೀಗೆ ನೂರು ಕೊಂಡಿಗಳವರೆಗೆ ಸಾಗುವ ಸರಪಳಿಯೇ ‘ರೆಂಗ’. 1488ರಲ್ಲಿ ಮಿನಾಸೆಯಲ್ಲಿ ಕವಿ ಸೋಗಿ ತನ್ನ ಇಬ್ಬರು ಶಿಷ್ಯರೊಡನೆ ಹೆಣೆದ ನೂರು ಕೊಂಡಿಗಳು ಅದರ ಮಾದರಿಯೆನಿಸಿವೆ. ಪ್ರತಿ ಕೊಂಡಿಯೂ ತನ್ನ ಹಿಂದಿನದರೊಡನೆ ಕೂಡಿ ಅರ್ಥ ಕೊಡಬೇಕು, ಅದಕ್ಕೂ ಹಿಂದಿನದನ್ನು ಬಿಟ್ಟು ಮುಂದೆ ಸಾಗಬೇಕು. ಮೊದಲ ಕೊಂಡಿಯ ಹೆಸರು ‘ಹೊಕ್ಕು’. ಕನ್ನಡದ ಕಿವಿಗೆ ಆ ಹೆಸರು ಆಕಸ್ಮಿಕವಾಗಿ ಎಷ್ಟು ಒಪ್ಪುತ್ತದೆ! ಋತುವನ್ನು ಸೂಚಿಸುವ ಪದ, ತಾನೇ ನಿಲ್ಲಬಲ್ಲ ಬಿಗಿ, ನಡುವೆ ತುಂಡರಿಸುವ ಪದ, ಇವೆಲ್ಲ ಹೊಕ್ಕುವಿನ ಹೊಣೆಗಳು.

ಬಾಶೋ ಬರೆದದ್ದೂ ಹೊಕ್ಕುಗಳನ್ನೇ. ಅವನ್ನು ಸರಪಳಿಯಿಂದ ಬಿಡಿಸಿ ‘ಹೈಕು’ ಎಂಬ ಹೆಸರಿನಲ್ಲಿ ಸ್ವತಂತ್ರ ಪ್ರಕಾರವಾಗಿ ನಿಲ್ಲಿಸಿದವನು ಹತ್ತೊಂಬತ್ತನೆಯ ಶತಮಾನದ ಕೊನೆಯ ಕವಿ ಮಸಓಕ ಶಿಕಿ. ಹೈಕುವಿನ ಕೊನೆಯ ಮೌನವನ್ನು ನಾವು ಬಹಳವಾಗಿ ಮೆಚ್ಚುತ್ತೇವೆ. ಒಂದು ಕಾಲಕ್ಕೆ ಅದು ಪಕ್ಕದಲ್ಲಿ ಕುಳಿತವನಿಗೆಂದು ಬಿಟ್ಟ ಹದಿನಾಲ್ಕು ಒನ್‌ಗಳ ಜಾಗವಾಗಿತ್ತು.