ವಯಸ್ಸಾದ ಮೇಲೆ ಮರೆವು ಬಂದೇ ಬರುತ್ತೆ, ಅದರಲ್ಲಿ ಸಂಶೋಧನೆ ಮಾಡೋದೇನಿದೆ?

ಅಲ್ಜೈಮರ್ ಕಾಯಿಲೆ ಮತ್ತು ಮುಪ್ಪಿನ ಬಗ್ಗೆ ಕೆಲಸ ಮಾಡುತ್ತೇನೆ ಅಂದ ಕೂಡಲೇ ನನಗೆ ಎದುರಾಗುವ ಪ್ರಶ್ನೆ ಇದು. ನೆಂಟರು ಕೇಳುತ್ತಾರೆ, ಪ್ರಯಾಣದಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಬೇರೆ ವಿಭಾಗದ ಡಾಕ್ಟರುಗಳೂ ಕೇಳುವುದುಂಟು. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಎಲ್ಲರಿಗೂ ಆಗೋದೇ ಅಲ್ವಾ? ಅದಕ್ಕೆ ಕಾಯಿಲೆ ಅಂತ ಯಾಕೆ ಹೆಸರು?"

ಇಲ್ಲ, ಎಲ್ಲರಿಗೂ ಆಗುವುದಿಲ್ಲ. 85 ದಾಟಿದವರಲ್ಲೂ ಹೆಚ್ಚಿನವರಿಗೆ ಡಿಮೆನ್ಶಿಯಾ, ಅಂದರೆ ದಿನದ ಬದುಕಿಗೇ ಅಡ್ಡಿಯಾಗುವಷ್ಟು ಮರೆವು ಮತ್ತು ಗೊಂದಲ, ಇರುವುದಿಲ್ಲ. ಅದಕ್ಕೆ ಅತಿ ಸಾಮಾನ್ಯ ಕಾರಣವೇ ಅಲ್ಜೈಮರ್. ಆದರೆ ಕೇಳುವವರ ಮಾತು ಪೂರ್ತಿ ಸುಳ್ಳೂ ಅಲ್ಲ. 65 ದಾಟಿದ ಮೇಲೆ ಪ್ರತಿ ಐದು ವರ್ಷಕ್ಕೆ ಈ ಕಾಯಿಲೆ ಬರುವ ಸಂಭವ ಸುಮಾರು ಎರಡು ಪಟ್ಟಾಗುತ್ತಾ ಹೋಗುತ್ತದೆ. ವಯಸ್ಸಿಗಿಂತ ದೊಡ್ಡ ಅಪಾಯ ಇದಕ್ಕೆ ಇನ್ನೊಂದಿಲ್ಲ. ಈ ಎರಡೂ ಒಟ್ಟಿಗೆ ಹೇಗೆ ನಿಜ ಅನ್ನುವುದೇ ನಮ್ಮ ಕೆಲಸದ ತಿರುಳು.

ಮೊದಲು ಬರೀ ವಯಸ್ಸು ಏನು ಮಾಡುತ್ತದೆ ನೋಡಿ. ಮೆದುಳಿನ ವೇಗ ಕಡಿಮೆಯಾಗುತ್ತದೆ. ಹೆಸರು ನಾಲಿಗೆ ತುದಿಯಲ್ಲೇ ನಿಂತುಬಿಡುತ್ತದೆ. ಎರಡು ಕೆಲಸ ಒಟ್ಟಿಗೆ ಮಾಡುವುದು ಕಷ್ಟವಾಗುತ್ತದೆ. ಆದರೆ ಪದಸಂಪತ್ತು, ಲೋಕಜ್ಞಾನ ಹೆಚ್ಚು ಕಡಿಮೆ ಹಾಗೇ ಉಳಿಯುತ್ತವೆ. ಸಂಜೆ ಹೊತ್ತಿಗೆ ಆ ಹೆಸರು ತಾನಾಗಿಯೇ ನೆನಪಾಗುತ್ತದೆ.

ಕಾಯಿಲೆ ಮಾಡುವ ಕೆಲಸವೇ ಬೇರೆ. ಅದು ಒಂದು ಸಣ್ಣ ಪರೀಕ್ಷೆಯಲ್ಲಿ ಚೆನ್ನಾಗಿ ಕಾಣಿಸುತ್ತದೆ. ಎದುರಿಗೆ ಕೂತವರಿಗೆ ಒಂದು ಹಾಳೆಯಲ್ಲಿ ಕೆಲವು ಚಿತ್ರಗಳನ್ನು ತೋರಿಸುತ್ತೇವೆ. "ಇದರಲ್ಲಿ ಹಣ್ಣು ಯಾವುದು?" ಕಿತ್ತಳೆ ಅನ್ನುತ್ತಾರೆ. "ವಾಹನ ಯಾವುದು?" ಸೈಕಲ್ ಅನ್ನುತ್ತಾರೆ. ಹೀಗೆ ಎಲ್ಲವನ್ನೂ ಅವರ ಬಾಯಲ್ಲೇ ಹೇಳಿಸುತ್ತೇವೆ. ಆಮೇಲೆ ಹಾಳೆ ಮುಚ್ಚಿಟ್ಟು ಅಂಕಿಗಳನ್ನು ಹಿಂದಕ್ಕೆ ಎಣಿಸಲು ಹೇಳುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು, ಏನೇನು ನೋಡಿದಿರಿ ಎಂದು ಕೇಳುತ್ತೇವೆ. ಆರೋಗ್ಯವಾಗಿರುವ ಎಂಬತ್ತರ ಅಜ್ಜಿ ಒಂದಷ್ಟು ಹೇಳಿ ನಿಲ್ಲಿಸಬಹುದು. "ಒಂದು ಹಣ್ಣಿತ್ತಲ್ಲಮ್ಮ?" ಅಂದರೆ ಸಾಕು, "ಹೌದಪ್ಪ, ಕಿತ್ತಳೆ!" ಅನ್ನುತ್ತಾರೆ. ನೆನಪು ಒಳಗೆ ಇತ್ತು, ಹುಡುಕುವುದು ನಿಧಾನ, ಅಷ್ಟೇ. ಅಲ್ಜೈಮರ್ ಶುರುವಾದವರಿಗೆ ಎಷ್ಟೋ ಸಲ ಈ ಸುಳಿವು ಉಪಯೋಗಕ್ಕೆ ಬರುವುದಿಲ್ಲ. ಇನ್ಯಾವುದೋ ಹಣ್ಣಿನ ಹೆಸರು ಹೇಳುತ್ತಾರೆ. ಚಿತ್ರ ತೋರಿಸಿದ್ದೇ ನೆನಪಿಲ್ಲದವರೂ ಇರುತ್ತಾರೆ. ಅಲ್ಲಿ ನೆನಪು ಒಳಗೆ ಕೂತೇ ಇಲ್ಲ. ಹೊಸ ವಿಷಯವನ್ನು ದಾಖಲಿಸುವ ಹಿಪ್ಪೊಕ್ಯಾಂಪಸ್ ಭಾಗಕ್ಕೇ ಪೆಟ್ಟು ಬಿದ್ದಿರುತ್ತದೆ. ಹಾಗಾಗಿಯೇ ನಲವತ್ತು ವರ್ಷದ ಹಿಂದಿನದು ಚೆನ್ನಾಗಿ ನೆನಪಿದ್ದು, ಬೆಳಿಗ್ಗೆ ನಡೆದದ್ದು ಮಾಯವಾಗುವುದು. "ಹಳೇದೆಲ್ಲ ನೆನಪಿದೆ, ಹಾಗಾದ್ರೆ ಏನೂ ಇಲ್ಲ" ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

"ವಯಸ್ಸಾಯ್ತು ಬಿಡಿ" ಅನ್ನುವ ಮಾತು ಮನೆಗಳಲ್ಲಿ ಮಾತ್ರ ಇದ್ದದ್ದಲ್ಲ. ವಿಜ್ಞಾನವೂ ಅದನ್ನೇ ಹೇಳಿಕೊಂಡು ದಶಕಗಳನ್ನು ಕಳೆಯಿತು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರ್ ಅಲೋಯಿಸ್ ಅಲ್ಜೈಮರ್ ಅವರ ಮುಂದೆ ಔಗುಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸು ಕೂತಿದ್ದರು. ಅವರು ಊಟ ಮಾಡುತ್ತಿದ್ದಾಗ ಡಾಕ್ಟರ್ "ಏನು ತಿನ್ನುತ್ತಿದ್ದೀರಿ?" ಎಂದು ಕೇಳಿದರು. ತಟ್ಟೆಯಲ್ಲಿ ಇದ್ದದ್ದು ಹೂಕೋಸು ಮತ್ತು ಹಂದಿಮಾಂಸ. ಅವರು ಪಾಲಕ್ ಅಂದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಜೈಮರ್ ಆ ಮೆದುಳಿನ ತೆಳು ಪದರಗಳಿಗೆ ಬೆಳ್ಳಿಯ ದ್ರಾವಣದಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ಹೊರಗೆ ಕಲೆಗಳಂಥ ಗಂಟುಗಳು, ಒಳಗೆ ಸಿಕ್ಕಾದ ದಾರದಂಥ ಎಳೆಗಳು. ಹೊರಗಿನದು ಅಮೈಲಾಯ್ಡ್ ಪ್ರೋಟೀನಿನ ಪ್ಲಾಕ್, ಒಳಗಿನದು ಟೌ ಪ್ರೋಟೀನಿನ ಸಿಕ್ಕು ಅಂತ ನಮಗೆ ಗೊತ್ತಾಗುವಷ್ಟರಲ್ಲಿ 1980ರ ದಶಕ ಬಂದಿತ್ತು.

ಇಷ್ಟು ತಡ ಯಾಕೆ? ಆಕೆಗೆ ವಯಸ್ಸು ಕಡಿಮೆ ಇತ್ತು, ಅದಕ್ಕೇ. 1910ರಲ್ಲಿ ಎಮಿಲ್ ಕ್ರೇಪೆಲಿನ್ ಎಂಬ ಜರ್ಮನಿಯ ಮನೋವೈದ್ಯರು ತಮ್ಮ ಪಠ್ಯಪುಸ್ತಕದಲ್ಲಿ "ಅಲ್ಜೈಮರ್ ಕಾಯಿಲೆ" ಎಂಬ ಹೆಸರು ಕೊಟ್ಟರು. ಆಮೇಲೆ ಅದು ಮಧ್ಯವಯಸ್ಸಿನವರಿಗೆ ಬರುವ ಅಪರೂಪದ ಕಾಯಿಲೆ ಅನ್ನಿಸಿಕೊಂಡಿತು. ಎಂಬತ್ತರವರಿಗೆ ಅದೇ ಲಕ್ಷಣ ಬಂದರೆ ಅದು ಬರೀ ಮುಪ್ಪು ಅನ್ನುತ್ತಿದ್ದರು. 1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬ್ಲೆಸ್ಸೆಡ್, ಟಾಮ್ಲಿನ್ಸನ್ ಮತ್ತು ರಾತ್ ಎಂಬ ಮೂವರು ಸಂಶೋಧಕರು, ತೀರಿಕೊಂಡ ಮುದುಕರ ಮೆದುಳುಗಳಲ್ಲಿ ಪ್ಲಾಕ್‌ಗಳನ್ನು ಎಣಿಸಿದರು. ಪ್ಲಾಕ್ ಜಾಸ್ತಿ ಇದ್ದಷ್ಟೂ ಬದುಕಿದ್ದಾಗಿನ ಮರೆವೂ ಜಾಸ್ತಿ ಇತ್ತು. 1976ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಎಂಬ ಅಮೆರಿಕದ ನರತಜ್ಞರು ಒಂದು ಚಿಕ್ಕ ಸಂಪಾದಕೀಯ ಬರೆದು, ಮಧ್ಯವಯಸ್ಸಿನದೂ ಮುಪ್ಪಿನದೂ ಒಂದೇ ಕಾಯಿಲೆ, ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು ಎಂದರು. ದೊಡ್ಡ ಮಟ್ಟದಲ್ಲಿ ಸಂಶೋಧನೆಗೆ ಹಣ ಹರಿಯಲು ಶುರುವಾದದ್ದು ಅದರ ನಂತರವೇ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಆದ ಅತಿ ದೊಡ್ಡ ನಷ್ಟ ಆ ಅರವತ್ತು ಚಿಲ್ಲರೆ ವರ್ಷಗಳು.

ಹಾಗಾದರೆ ವಯಸ್ಸಿನ ಪಾತ್ರ ಏನು? ಈ ಕಾಯಿಲೆಗೆ ಸಮಯ ಬೇಕು. ಸ್ಕ್ಯಾನ್‌ಗಳಲ್ಲಿ ನೋಡಿದರೆ ಮೊದಲ ಲಕ್ಷಣ ಕಾಣಿಸುವ 15-20 ವರ್ಷ ಮುಂಚೆಯೇ ಅಮೈಲಾಯ್ಡ್ ಸೇರಿಕೊಳ್ಳಲು ಶುರುವಾಗಿರುತ್ತದೆ. ಅಂದರೆ ಎಪ್ಪತ್ತೈದಕ್ಕೆ ಮರೆಯುವವರ ಕಾಯಿಲೆ ಐವತ್ತೈದಕ್ಕೇ ಆರಂಭವಾಗಿರಬಹುದು. ಇನ್ನೊಂದು ಕಡೆ, ಕಸ ಎತ್ತಿ ಹಾಕುವ ಮೈಕ್ರೊಗ್ಲಿಯಾ ಎಂಬ ಕೋಶಗಳು ವಯಸ್ಸಾದಂತೆ ಮೊದಲಿನಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ಸಣ್ಣ ರಕ್ತನಾಳಗಳು ಗಡುಸಾಗುತ್ತವೆ. ಕಾಯಿಲೆ ಬೆಳೆಯುತ್ತಾ ಇರುತ್ತದೆ, ತಡೆಯುವ ಶಕ್ತಿ ಕುಗ್ಗುತ್ತಾ ಇರುತ್ತದೆ. ಇಲಿಗಳಲ್ಲಿ ಇದನ್ನು ಅಭ್ಯಾಸ ಮಾಡುವುದು ಕಷ್ಟವಾಗಿರುವುದಕ್ಕೂ ಇದೇ ಒಂದು ಕಾರಣ. ಎರಡು-ಮೂರು ವರ್ಷ ಬದುಕುವ ಇಲಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ಮನುಷ್ಯರ ಜೀನ್ ಸೇರಿಸಿ ಬರಿಸಬೇಕು. ಆ ಇಲಿಗಳನ್ನು ಗುಣಪಡಿಸಿದ ಎಷ್ಟೋ ಔಷಧಿಗಳು ಮನುಷ್ಯರಲ್ಲಿ ಸೋತವು.

ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಡುವುದು ಈ ಕಾಯಿಲೆಯ ಲೆಕ್ಕಾಚಾರಕ್ಕೆ ಸಿಗದ ಜನ. 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕರು ಅಮೆರಿಕದಲ್ಲಿ ಕ್ರೈಸ್ತ ಸನ್ಯಾಸಿನಿಯರ ಒಂದು ಅಧ್ಯಯನ ಶುರು ಮಾಡಿದರು. ಅದರಲ್ಲಿ ಸೇರಿದ 678 ಸಿಸ್ಟರ್‌ಗಳು ಪ್ರತಿ ವರ್ಷ ಪರೀಕ್ಷೆಗೆ ಕೂರಲು ಮತ್ತು ಸತ್ತ ಮೇಲೆ ಮೆದುಳು ದಾನ ಕೊಡಲು ಒಪ್ಪಿದರು. ಅವರಲ್ಲಿ ಒಬ್ಬರು 101ರವರೆಗೆ ಬದುಕಿದರು. ಕೊನೆವರೆಗೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆದರು. ಮೆದುಳು ನೋಡಿದರೆ ಪ್ಲಾಕ್ ಮತ್ತು ಸಿಕ್ಕುಗಳು ಬೇಕಾದಷ್ಟಿದ್ದವು. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು: ಈ ಗಂಟುಗಳ ಜೊತೆಗೆ ಸಣ್ಣಪುಟ್ಟ ಪಾರ್ಶ್ವವಾಯುವಿನ ಗುರುತುಗಳೂ ಇದ್ದವರಿಗೆ ಡಿಮೆನ್ಶಿಯಾ ಬಹಳ ಹೆಚ್ಚು. ಇನ್ನು ಕೊಲಂಬಿಯಾದ ಒಂದು ದೊಡ್ಡ ಕುಟುಂಬದಲ್ಲಿ ಪ್ರೆಸೆನಿಲಿನ್ ಜೀನಿನ ದೋಷದಿಂದ ನಲವತ್ತರ ದಶಕದಲ್ಲೇ ಮರೆವು ಶುರುವಾಗುತ್ತದೆ. ಅದೇ ದೋಷವಿದ್ದ ಒಬ್ಬ ಮಹಿಳೆಗೆ ಎಪ್ಪತ್ತರವರೆಗೂ ಹೆಚ್ಚೇನೂ ಆಗಲಿಲ್ಲ. ಆಕೆಯ ಬಗ್ಗೆ 2019ರಲ್ಲಿ ವರದಿಯಾಯಿತು. ಮೆದುಳಲ್ಲಿ ಅಮೈಲಾಯ್ಡ್ ರಾಶಿ ಇತ್ತು, ಟೌ ಮಾತ್ರ ಕಡಿಮೆ. ಎಪಿಒಇ ಜೀನಿನಲ್ಲಿ ಆಕೆಗಿದ್ದ ಇನ್ನೊಂದು ಅಪರೂಪದ ಬದಲಾವಣೆ ಆಕೆಯನ್ನು ಕಾದಿತ್ತು ಎಂದು ಸಂಶೋಧಕರು ನಂಬುತ್ತಾರೆ. ಪ್ಲಾಕ್ ಇದ್ದೂ ಕಾಯಿಲೆ ಬರದಂತೆ ತಡೆಯುವ ದಾರಿ ದೇಹಕ್ಕೆ ಗೊತ್ತಿದೆ ಅಂತಾಯಿತು. ಅದನ್ನು ಔಷಧಿಯಾಗಿ ಮಾಡುವ ಪ್ರಯತ್ನ ಈಗ ನಡೆಯುತ್ತಿದೆ.

ಇಷ್ಟು ಹೇಳಿದ ಮೇಲೆ "ಸರಿ, ಈಗ ಔಷಧಿ ಇದೆಯಾ?" ಅನ್ನುತ್ತಾರೆ. ಅಮೈಲಾಯ್ಡ್ ತೆಗೆದುಹಾಕುವ ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಲೆಕಾನೆಮ್ಯಾಬ್ ಪ್ರಯೋಗದಲ್ಲಿ 18 ತಿಂಗಳ ಅವಧಿಯಲ್ಲಿ ಕುಸಿತ 27% ನಿಧಾನವಾಯಿತು. ನಿಂತಿದ್ದಲ್ಲ, ಹೋದ ನೆನಪು ವಾಪಸ್ ಬಂದದ್ದೂ ಅಲ್ಲ. ಕೆಲವರಿಗೆ ಮೆದುಳಲ್ಲಿ ಊತ, ರಕ್ತಸ್ರಾವ ಆಗುವುದರಿಂದ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ಇದನ್ನು ಪವಾಡ ಅನ್ನುವವರನ್ನೂ ನಾನು ಒಪ್ಪುವುದಿಲ್ಲ, ದಂಡ ಅನ್ನುವವರನ್ನೂ ಒಪ್ಪುವುದಿಲ್ಲ. ಕಾಯಿಲೆಯ ಗತಿಯನ್ನೇ ಮುಟ್ಟಬಹುದು ಎಂದು ಮೊದಲ ಸಲ ಗೊತ್ತಾಯಿತು. ಇಪ್ಪತ್ತು ವರ್ಷ ಬೆಳೆದದ್ದನ್ನು ಕೊನೆಯ ಹಂತದಲ್ಲಿ ಹಿಡಿದರೆ ಇಷ್ಟೇ ಸಿಗುತ್ತದೇನೋ. ಅದಕ್ಕೇ ಈಗ ಎಲ್ಲರ ಕಣ್ಣು ರಕ್ತಪರೀಕ್ಷೆಗಳ ಮೇಲಿದೆ. ರಕ್ತದಲ್ಲಿ ಪಿ-ಟೌ217 ಎಂಬ ಪ್ರೋಟೀನನ್ನು ಅಳೆದರೆ ಮೆದುಳಲ್ಲಿ ಪ್ಲಾಕ್ ಇದೆಯೋ ಇಲ್ಲವೋ ಸಾಕಷ್ಟು ನಿಖರವಾಗಿ ತಿಳಿಯುತ್ತದೆ. ಆದರೆ ಏನೂ ತೊಂದರೆ ಇಲ್ಲದವರು ಸುಮ್ನೆ ಕುತೂಹಲಕ್ಕೆ ಈ ಪರೀಕ್ಷೆ ಮಾಡಿಸಿಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ. ಪ್ಲಾಕ್ ಇದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ಆ ಸಿಸ್ಟರ್‌ಗೆ ಬರಲಿಲ್ಲವಲ್ಲ.

ಮಧ್ಯವಯಸ್ಸಿನಲ್ಲಿ ಮಾಡಬಹುದಾದದ್ದು ಇದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ಅಂದಾಜಿನಲ್ಲಿ, 14 ಅಂಶಗಳನ್ನು ಪೂರ್ತಿ ಸರಿಪಡಿಸಿದರೆ ಜಗತ್ತಿನ ಸುಮಾರು 45% ಡಿಮೆನ್ಶಿಯಾ ತಡೆಯಬಹುದು ಅಥವಾ ಮುಂದೂಡಬಹುದು. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಸಿಗರೇಟು, ಕಿವಿ ಕೇಳದಿರುವುದು, ಒಂಟಿತನ ಎಲ್ಲ ಅದರಲ್ಲಿವೆ. ಒಂದನ್ನೇ ಆರಿಸು ಅಂದರೆ ನಾನು ಬಿಪಿಯನ್ನು ಆರಿಸುತ್ತೇನೆ. ಯಾವ ನೋವೂ ಕೊಡದೆ ವರ್ಷಗಟ್ಟಲೆ ಮೆದುಳಿನ ರಕ್ತನಾಳಗಳನ್ನು ಹಾಳುಮಾಡುವುದು ಅದು, ಮತ್ತು ಅದಕ್ಕೆ ಮಾತ್ರೆ ಎಂದೋ ಬಂದಿದೆ.

ಇನ್ನು ಮನೆಯಲ್ಲಿ ಯಾರಿಗಾದರೂ ಮರೆವು ಕಾಣಿಸಿದೆ ಅಂದುಕೊಳ್ಳಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಗೊತ್ತಿರುವ ದಾರಿಯಲ್ಲಿ ತಪ್ಪುವುದು, ವರ್ಷಗಳಿಂದ ಮಾಡಿದ ಲೆಕ್ಕಪತ್ರ ಗೊಂದಲವಾಗುವುದು, ಇಂಥವು ಆರು ತಿಂಗಳಲ್ಲಿ ಹೆಚ್ಚಾಗಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಲ್ಲವೂ ಅಲ್ಜೈಮರ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ, ಇವೂ ಥೇಟ್ ಹಾಗೇ ಕಾಣಬಹುದು. ಇವುಗಳಿಗೆ ಚಿಕಿತ್ಸೆ ಇದೆ. ಕೆಲವು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ, ಮೂತ್ರ ತಡೆಯುವ ಮಾತ್ರೆಗಳೂ ಬುದ್ಧಿ ಮಂಕು ಮಾಡುತ್ತವೆ. ಹಾಗಾಗಿ ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಜೊತೆಗೆ ದಿನವೂ ಅವರೊಂದಿಗೆ ಇರುವವರೇ ಹೋಗಬೇಕು. "ನಂಗೇನೂ ಆಗಿಲ್ಲ" ಎಂದು ಅವರು ಹೇಳುವುದು ಹಟದಿಂದ ಅಲ್ಲ, ತಾವು ಮರೆಯುತ್ತಿರುವುದು ಎಷ್ಟೋ ಸಲ ಅವರಿಗೆ ಗೊತ್ತೇ ಆಗುವುದಿಲ್ಲ. ಯಾವಾಗಿನಿಂದ, ಮೊದಲು ಏನು ಶುರುವಾಯಿತು ಅನ್ನುವುದನ್ನು ನೀವೇ ಬರೆದುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.