ತ್ಸುಬಾ ನೋಡಲು ಜಪಾನಿಗೆ ಹೊರಡುವವರಿಗೆ

ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ. ಜಪಾನಿನ ಹೆಚ್ಚಿನ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಆ ಸೋಮವಾರವೇ ಸರ್ಕಾರಿ ರಜೆಯಾದರೆ ಅಂದು ತೆರೆದು ಮರುದಿನ ಮುಚ್ಚುವುದು ರೂಢಿ. ನಾನು ಅಂಥದೊಂದು ಮಂಗಳವಾರ ಮುಚ್ಚಿದ ಬಾಗಿಲ ಮುಂದೆ ನಿಂತು ಅರ್ಧ ದಿನ ಕಳೆದುಕೊಂಡೆ. ಊರಿಂದೂರಿಗೆ ಪ್ರಯಾಣ ಮಾಡುವುದನ್ನು ಆ ದಿನಕ್ಕೆ ಇಟ್ಟುಕೊಳ್ಳಿ.

ನಾನು ಹೋದದ್ದು ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ, ಏಳೆಂಟು ಸೆಂಟಿಮೀಟರ್ ಅಗಲದ ಲೋಹದ ಬಿಲ್ಲೆಯನ್ನು ನೋಡಲು. ಅದೇ ತ್ಸುಬಾ. ಟೋಕಿಯೋದಲ್ಲಿ ಎರಡು ಕಡೆ ಹೋಗಿ: ಉಎನೋದ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಮತ್ತು 2018ರಲ್ಲಿ ರ್‍ಯೋಗೊಕುಗೆ ಸ್ಥಳಾಂತರಗೊಂಡ ಕತ್ತಿಗಳ ಮ್ಯೂಸಿಯಂ. ಬೆಳಿಗ್ಗೆ ಕಣ್ಣು ದಣಿಯದಿರುವಾಗಲೇ ಉಎನೋ ಮುಗಿಸಿ. ಇಟ್ಟ ವಸ್ತುಗಳನ್ನು ಆಗಾಗ ಬದಲಿಸುತ್ತಾರೆ. ಇಂಥದ್ದೇ ತ್ಸುಬಾ ನೋಡಬೇಕು ಎಂದಿದ್ದರೆ ಮೊದಲೇ ವಿಚಾರಿಸಿ. ಒಂದು ಪುಟ್ಟ ದುರ್ಬೀನು ಜೊತೆಗಿರಲಿ. ಗಾಜಿನ ಆಚೆಗಿನ ಕೆಲಸ ಬರಿಗಣ್ಣಿಗೆ ಅರ್ಧವೂ ಕಾಣುವುದಿಲ್ಲ.

ಕಪ್ಪು ಬಣ್ಣದ ತ್ಸುಬಾಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಅದು ಬಳಿದ ಬಣ್ಣವಲ್ಲ. ತಾಮ್ರಕ್ಕೆ ನೂರಕ್ಕೆ ನಾಲ್ಕೈದು ಪಾಲಿನಷ್ಟು ಚಿನ್ನ ಬೆರೆಸಿದರೆ ಶಾಕುದೋ ಎಂಬ ಮಿಶ್ರಲೋಹ. ತುರಿದ ಮೂಲಂಗಿಯ ರಸ ಸವರಿ, ತಾಮ್ರದ ಕಿಲುಬಿನಿಂದ ಮಾಡಿದ ರೊಕುಶೋ ಕದಡಿದ ನೀರಿನಲ್ಲಿ ಕುದಿಸಿದಾಗ ಆ ಕೆಂಪು ಲೋಹ ನೇರಳೆಹಣ್ಣಿನ ಸಿಪ್ಪೆಯಂತೆ ಮಿರುಗುವ ಕಪ್ಪಾಗುತ್ತದೆ. ನಾಲ್ಕರಲ್ಲಿ ಒಂದು ಪಾಲು ಬೆಳ್ಳಿ ಸೇರಿದ ಶಿಬುಇಚಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬೀದರ್ ಕೋಟೆಯ ಮಣ್ಣಿನಿಂದ ಬಿದರಿ ಪಾತ್ರೆ ಕಪ್ಪಾಗುವುದನ್ನು ಕಂಡವರಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ಅಲ್ಲಿ ಸತು, ಇಲ್ಲಿ ತಾಮ್ರ. ವಿದ್ಯೆಗಳು ಬೇರೆ ಬೇರೆ, ಕಪ್ಪಿನ ಮೇಲೆ ಬೆಳ್ಳಿ ಹೊಳೆಯಲಿ ಎಂಬ ಆಸೆ ಒಂದೇ.

ಕೆಲವು ತ್ಸುಬಾಗಳ ಮೇಲೆ ಮೀನಿನ ಮೊಟ್ಟೆ ಹರಡಿದಂಥ ಸಣ್ಣ ಗುಳ್ಳೆಗಳ ಸಾಲು ಕಾಣುತ್ತದೆ. ಅದರ ಹೆಸರು ನನಕೋ. ಒಂದೊಂದು ಗುಳ್ಳೆಯನ್ನೂ ಉಳಿಯಿಂದ ಹೊಡೆದು ಮೂಡಿಸಿದ್ದಾರೆ. ಹದಿನೈದನೆಯ ಶತಮಾನದ ಗೊತೊ ಯೂಜೊನಿಂದ ಆರಂಭವಾದ ಮನೆತನ ತಲೆತಲಾಂತರವಾಗಿ ಆಳುವವರಿಗೆ ಇಂಥ ಕುಸುರಿ ಕೆಲಸ ಮಾಡಿಕೊಟ್ಟಿತು. 1876ರಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಈ ಕಸುಬಿನವರ ಅನ್ನವೇ ಹೋಯಿತು. ಹೂದಾನಿ, ಆಭರಣಗಳತ್ತ ಅನೇಕರು ಕೈ ತಿರುಗಿಸಿದರು. ತ್ಸುಬಾ ಕೆತ್ತುತ್ತಿದ್ದ ಕಾನೊ ನತ್ಸುಒ ಮೇಜಿ ಚಕ್ರವರ್ತಿಯ ಕಾಲದ ಸರ್ಕಾರದ ನಾಣ್ಯಗಳ ಕೆಲಸದಲ್ಲೂ ತೊಡಗಿದ.

ಕೆಲಸ ನಡೆಯುವುದನ್ನೇ ನೋಡಬೇಕೆಂದರೆ ಕ್ಯೂಶು ದ್ವೀಪದ ಕುಮಾಮೊತೊಗೆ ಹೋಗಬೇಕು. ಫುಕುಓಕಾ ನಗರದ ಹಕಾತಾ ನಿಲ್ದಾಣದಿಂದ ಅತಿವೇಗದ ರೈಲು ಶಿಂಕಾನ್ಸೆನ್‌ನಲ್ಲಿ ಒಂದು ಗಂಟೆಯೂ ಬೇಡ; ಊರೊಳಗೆ ಟ್ರಾಮ್ ಇದೆ. ಇಲ್ಲಿನ ಹಿಗೊ ಜೋಗಾನ್ ಕಬ್ಬಿಣದ ಮೇಲೆ ಚಿನ್ನ ಬೆಳ್ಳಿ ಕೂರಿಸುವ ಕೆಲಸ. ಹದಿನೇಳನೆಯ ಶತಮಾನದಲ್ಲಿ ಹಯಾಶಿ ಮತಶಿಚಿ ಎಂಬ ಬಂದೂಕು ಕೆಲಸಗಾರ ಇದನ್ನು ಬಂದೂಕಿನ ನಳಿಗೆಗೂ ತ್ಸುಬಾಕ್ಕೂ ಬಳಸಿದ. ಕೋಟೆಯ ಹತ್ತಿರದ ಕರಕುಶಲ ಕೇಂದ್ರದಲ್ಲಿ ಕೇಳಿದರೆ ಎಲ್ಲಿ, ಯಾವಾಗ ನೋಡಲು ಸಿಗುತ್ತದೆಂದು ತಿಳಿಸುತ್ತಾರೆ. ಹೇಳದೆ ಕೇಳದೆ ಯಾರ ಕಮ್ಮಟಕ್ಕೂ ನುಗ್ಗಬೇಡಿ.

ನಾನು ಕುಳಿತು ನೋಡಿದ ಹಿರಿಯರು ಒಂದು ಮಾತನ್ನೂ ಆಡಲಿಲ್ಲ. ಉಳಿಯಿಂದ ಕಬ್ಬಿಣದ ಮೇಲೆ ಉದ್ದ, ಅಡ್ಡ, ಎರಡು ಓರೆ, ಹೀಗೆ ನಾಲ್ಕು ದಿಕ್ಕಿಗೆ ಕೂದಲೆಳೆಯಂಥ ಗೆರೆ ಎಳೆದರು. ಮೇಲ್ಮೈ ಬಟ್ಟೆಯ ನೇಯ್ಗೆಯಂತಾಯಿತು. ಕತ್ತರಿಸಿದ ಚಿನ್ನದ ತಗಡನ್ನು ಅದರ ಮೇಲಿಟ್ಟು ಜಿಂಕೆಯ ಕೊಂಬಿನಿಂದ ತಟ್ಟಿದರೆ ಆ ಗೆರೆಗಳೇ ಅದನ್ನು ಕಚ್ಚಿ ಹಿಡಿಯುತ್ತವೆ. ಆಮೇಲೆ ಬೇಕೆಂದೇ ತುಕ್ಕು ಹಿಡಿಸಿ, ಚಹಾದಲ್ಲಿ ಕುದಿಸಿ ಆ ತುಕ್ಕನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಒಂದು ಗಂಟೆ ಕುಳಿತೆ. ಮುಗಿದದ್ದು ಉಗುರಿನಷ್ಟು ಜಾಗ. ಆದ್ದರಿಂದ ಕುಮಾಮೊತೊಗೆ ಕನಿಷ್ಠ ಎರಡು ದಿನ ಕೊಡಿ.

ಹಳೆಯ ತ್ಸುಬಾ ಕೊಳ್ಳುವುದಾದರೆ ರಸೀದಿ ಪಡೆಯಿರಿ, ದೇಶದಿಂದ ಹೊರಗೆ ಒಯ್ಯಲು ಯಾವ ಕಾಗದ ಬೇಕೆಂದು ಅಂಗಡಿಯಲ್ಲೇ ಕೇಳಿ. ಮನೆಗೆ ತಂದ ಮೇಲೆ ಬೆರಳಿನ ಬೆವರು ತಾಗದಂತೆ ಅಂಚು ಹಿಡಿದೆತ್ತಿ, ಮೆತ್ತನೆಯ ಒಣ ಬಟ್ಟೆಯಲ್ಲಿ ಇಡಿ. ತಾಮ್ರದ ಚೊಂಬಿನಂತೆ ಇದನ್ನೂ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ ಎಂದು ಮನೆಯವರಿಗೆಲ್ಲ ಹೇಳಿಡಿ. ಆ ಕಪ್ಪು ತೀರಾ ತೆಳುವಾದ ಪದರ. ಒಮ್ಮೆ ಉಜ್ಜಿದರೆ ಒಳಗಿನ ಕೆಂಪು ತಾಮ್ರ ಕಾಣಿಸಿಕೊಳ್ಳುತ್ತದೆ.